ಶುದ್ಧ ನೀರಿನಲ್ಲೂ ಕಂಡ ಪೀಕ್

ಕಾಸರಗೋಡಿನ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ ಇಷ್ಟು: ನೀರಿನಲ್ಲಿ ತೇಲುವ ಚಿನ್ನದ ನ್ಯಾನೊ ಕಣಗಳನ್ನು ಲೇಸರ್ ಬೆಳಕಿನಿಂದ ಗಾಜಿನ ಮೇಲೆ ಒಂದೆಡೆ ಸೇರಿಸಿ, ಹಾಗೆ ಮೂಡಿದ ಚುಕ್ಕೆಯನ್ನು ಕೃಷಿ ವಿಷಗಳ ಅಂಶ ಗುರುತಿಸುವ ಸಂವೇದಕವಾಗಿ ಬಳಸುವುದು. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಸಿಂಪಡಿಸಿದ ಜಿಲ್ಲೆಯಲ್ಲಿ ಬೆಳೆದ ನನಗೆ ಈ ಕೆಲಸಕ್ಕೆ ಸೇರಲು ಬೇರೆ ಕಾರಣ ಬೇಕಾಗಿರಲಿಲ್ಲ.

ಅಣುವಿಗೆ ತಾಗಿ ಚದುರುವ ಬೆಳಕಿನ ಅತ್ಯಲ್ಪ ಭಾಗ ಬಣ್ಣ ಬದಲಿಸಿಕೊಂಡು ಬರುತ್ತದೆ ಎಂಬುದನ್ನು ಸಿ.ವಿ. ರಾಮನ್ 1928ರಲ್ಲಿ ತೋರಿಸಿದರು. ಆ ಬದಲಾವಣೆ ಅಣುವಿನ ಕಂಪನಗಳಿಗೆ ತಕ್ಕಂತೆ ಇರುವುದರಿಂದ ಅದನ್ನು ಅಣುವಿನ ಬೆರಳಚ್ಚು ಎನ್ನಬಹುದು. ಆದರೆ ಅದು ತೀರಾ ಕ್ಷೀಣ. ಎರಡು ಲೋಹದ ಕಣಗಳ ನಡುವೆ ಒಂದೆರಡು ನ್ಯಾನೊಮೀಟರ್ ಸಂದು ಉಳಿದರೆ, ಅಲ್ಲಿ ಬೆಳಕಿನ ಕ್ಷೇತ್ರ ಬಹಳ ಪ್ರಬಲವಾಗಿ, ಆ ಸಂದಿನೊಳಗೆ ಸಿಕ್ಕಿದ ಅಣುವಿನ ಸಂಕೇತ ಸುಮಾರಾಗಿ ಕ್ಷೇತ್ರದ ನಾಲ್ಕನೆಯ ಘಾತದಷ್ಟು ಹಿಗ್ಗುತ್ತದೆ. ಹಾಗಾಗಿ ನಮ್ಮ ಶ್ರಮವೆಲ್ಲ ಆ ಸಂದುಗಳಿಗಾಗಿ.

ಮೊದಲು ನಾವು ಕಣಗಳ ದ್ರಾವಣವನ್ನು ಹನಿಯಾಗಿ ಇಟ್ಟು ಒಣಗಿಸುತ್ತಿದ್ದೆವು. ಕಾಫಿ ಚೆಲ್ಲಿದ ಕಲೆಯ ಅಂಚು ಕಪ್ಪಾಗಿ ನಡು ತೆಳುವಾಗಿ ಉಳಿಯುವಂತೆ ಇಲ್ಲಿಯೂ ಕಣಗಳು ಅಂಚಿಗೆ ಸೇರುತ್ತಿದ್ದವು. ಆಷಾಢದ ಮಳೆಯಲ್ಲಂತೂ ಹನಿ ಗಂಟೆಗಟ್ಟಲೆ ಒಣಗದೆ, ಎರಡು ಗಾಜುಗಳು ಒಂದೇ ರೀತಿ ಬರುತ್ತಲೇ ಇರಲಿಲ್ಲ. ಲೇಸರ್ ಈ ತೊಡಕನ್ನು ಬಹುಮಟ್ಟಿಗೆ ನೀಗಿಸಿತು. ಗಾಜಿಗೆ ಮೊದಲೇ ಹಚ್ಚಿದ ತೆಳುವಾದ ಚಿನ್ನದ ಪದರ 532 ನ್ಯಾನೊಮೀಟರಿನ ಹಸಿರು ಬೆಳಕನ್ನು ಹೀರಿ ಕಾದಾಗ ಅಲ್ಲೊಂದು ಸೂಕ್ಷ್ಮ ಗುಳ್ಳೆ ಏಳುತ್ತದೆ. ಗುಳ್ಳೆಯ ಬಿಸಿ ಬುಡದಲ್ಲಿ ಮೇಲ್ಮೈ ಎಳೆತ ಕಡಿಮೆ, ತಣ್ಣನೆಯ ನೆತ್ತಿಯಲ್ಲಿ ಹೆಚ್ಚು. ಈ ವ್ಯತ್ಯಾಸದಿಂದ ಸುತ್ತಲಿನ ನೀರು ಸುಳಿಯಾಗಿ ತಿರುಗಿ ಕಣಗಳನ್ನು ಬುಡಕ್ಕೆ ತಂದು ಸೇರಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದ್ರಾವಣದ ತಿಳಿಗೆಂಪಿನ ನಡುವೆ ಹೊಳೆಯುವ ಗುಳ್ಳೆ, ಅದರ ಕೆಳಗೆ ಕ್ಷಣಕ್ಷಣಕ್ಕೂ ದಟ್ಟವಾಗುವ ಕಪ್ಪು ಬಿಂದು. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ತಪ್ಪಿದ್ದು ಅಳೆಯುವಾಗ. ಬೀಜೋಪಚಾರಕ್ಕೆ ಬಳಸುವ ಥೈರಾಮ್ ಎಂಬ ಶಿಲೀಂಧ್ರನಾಶಕ ಇಂಥ ಚುಕ್ಕೆಯ ಮೇಲಿದ್ದಾಗ, ಲೇಸರ್ ಬಿಟ್ಟು ಪಡೆದ ಚದುರಿದ ಬೆಳಕಿನ ನಕ್ಷೆಯಲ್ಲಿ 1380ರ ಆಸುಪಾಸಿನಲ್ಲಿ (ಬಣ್ಣದ ಬದಲಾವಣೆಯನ್ನು ‘ಪ್ರತಿ ಸೆಂಟಿಮೀಟರಿಗೆ’ ಎಂಬ ಏಕಮಾನದಲ್ಲಿ ಅಳೆಯುತ್ತಾರೆ) ಚೂಪಾದ ಪೀಕ್, ಅಂದರೆ ಶಿಖರ, ಕೊಡುತ್ತದೆ. ಸೋದರಮಾವನ ಅಡಿಕೆ ತೋಟದ ಬಾವಿಯಿಂದ ತಂದ ನೀರನ್ನು ಚುಕ್ಕೆಯ ಮೇಲಿಟ್ಟಾಗ ಅದೇ ಜಾಗದ ಹತ್ತಿರ ಪೀಕ್ ಕಂಡಿತು. ಅದು ಚೂಪಾಗಿರದೆ ಅಗಲವಾಗಿತ್ತು, ಪಕ್ಕದಲ್ಲಿ 1580ರ ಸುಮಾರಿಗೆ ಇನ್ನೊಂದು ಉಬ್ಬೂ ಇತ್ತು. ಎರಡನ್ನೂ ಕಂಡೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಅಂದೇ ಸಂಜೆ ಮಾವನಿಗೆ ಫೋನ್ ಮಾಡಿ, ಆ ನೀರು ಕುಡಿಯಬೇಡಿ ಎಂದೆ. ಮರುದಿನದಿಂದ ಅತ್ತೆ ಗುಡ್ಡದ ಬದಿಯಲ್ಲಿ ನೀರಿಗಾಗಿ ಕೊರೆದ ಸುರಂಗದಿಂದ ಕೊಡಪಾನದಲ್ಲಿ ನೀರು ಹೊರತೊಡಗಿದರು.

ಒಂಬತ್ತು ದಿನಗಳ ನಂತರ ನಮ್ಮ ಮೇಡಂ ಫಲಿತಾಂಶದ ಹಾಳೆ ನೋಡಿ ಒಂದೇ ಮಾತು ಕೇಳಿದರು: "ಬ್ಲ್ಯಾಂಕ್ ಎಲ್ಲಿ?" ಬ್ಲ್ಯಾಂಕ್, ಅಂದರೆ ಹೋಲಿಕೆಗಾಗಿ ಶುದ್ಧ ನೀರಿನದೇ ಒಂದು ಅಳತೆ, ನಾನು ತೆಗೆದಿರಲಿಲ್ಲ. ಹೊಸ ಚುಕ್ಕೆಯ ಮೇಲೆ ಬರಿಯ ಬಟ್ಟಿ ಇಳಿಸಿದ ನೀರನ್ನಿಟ್ಟು ಅದೇ ಶಕ್ತಿಯ ಲೇಸರ್ ಬಿಟ್ಟಾಗ ಅವೇ ಎರಡು ಅಗಲವಾದ ಪೀಕ್‌ಗಳು ಎದ್ದವು. ಕಣಗಳು ಒಂದಕ್ಕೊಂದು ಅಂಟದಿರಲೆಂದು ತಯಾರಿಯಲ್ಲೇ ಅವುಗಳ ಮೇಲೆ ಕೂರುವ ಸಿಟ್ರೇಟ್, ನಾನು ಹೆಚ್ಚಿಗೆ ಏರಿಸಿಟ್ಟ ಬೆಳಕಿಗೆ ಸುಟ್ಟು ಇದ್ದಿಲಾಗಿತ್ತು. 1350 ಮತ್ತು 1580ರ ಆ ಉಬ್ಬುಗಳು ಇಂಗಾಲದವು. ಶಕ್ತಿಯನ್ನು ಒಂದು ಮಿಲಿವ್ಯಾಟಿಗಿಂತ ಕೆಳಗಿಳಿಸಿ, ಮೊದಲು ಬ್ಲ್ಯಾಂಕ್, ಆಮೇಲೆ ತಿಳಿದ ಪ್ರಮಾಣದ ಥೈರಾಮ್, ಕೊನೆಗೆ ಬಾವಿಯ ನೀರು ಎಂಬ ಕ್ರಮದಲ್ಲಿ, ಚೆನ್ನಾಗಿ ಹೊಳೆಯುವ ಚುಕ್ಕೆಗಳನ್ನಷ್ಟೇ ಆರಿಸದೆ ಎಲ್ಲವನ್ನೂ ಅಳೆದಾಗ, ಬಾವಿಯ ನೀರಿನಲ್ಲಿ ಥೈರಾಮಿನ ಗುರುತು ಕಾಣಲಿಲ್ಲ.

ಇದನ್ನು ಫೋನಿನಲ್ಲಿ ಹೇಳುವುದು ಸರಿಯಲ್ಲವೆನಿಸಿ ಭಾನುವಾರ ಮಾವನ ಮನೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿ, ಅತ್ತೆಯ ಕ್ಷಮೆ ಕೇಳಿದೆ. ಮಾವ ಕೇಳಿದರು, "ಹಾಗಾದರೆ ಬಾವಿಯ ನೀರು ಕುಡಿಯಬಹುದಲ್ಲ?" ಹೌದೆನ್ನುವುದು ನನಗೂ ಅವರಿಗೂ ಸುಲಭವಾಗಿತ್ತು. ಆದರೆ ಥೈರಾಮಿನಲ್ಲಿರುವ ಗಂಧಕ ಲೋಹಕ್ಕೆ ಗಟ್ಟಿಯಾಗಿ ಅಂಟುವುದರಿಂದ ನಮ್ಮ ಚುಕ್ಕೆ ಅದನ್ನು ಹಿಡಿಯುತ್ತದೆ. ಎಂಡೋಸಲ್ಫಾನ್‌ನಂಥ ಅಣು ಹಾಗೆ ಸುಲಭವಾಗಿ ಅಂಟುವುದಿಲ್ಲ, ಅದು ನೀರಿನಲ್ಲಿದ್ದರೂ ಚುಕ್ಕೆಗೆ ತಿಳಿಯದೆ ಹೋಗಬಹುದು. ಅಷ್ಟನ್ನೂ ಬಿಡಿಸಿ ಹೇಳಿ, ಕೀಟನಾಶಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರವಿರುವ ಕಡೆಗೆ ನೀರು ಕಳುಹಿಸೋಣ ಎಂದೆ. ಮಾವ ಏನೂ ಹೇಳದೆ ರಾಟೆಗೆ ಹಗ್ಗ ಹಾಕಿ ನೀರು ಸೇದಿ, ನಾನು ಒಯ್ದಿದ್ದ ಕಂದು ಗಾಜಿನ ಎರಡು ಬಾಟಲಿಗಳನ್ನು ತುಂಬಿಸಿ ಕೊಟ್ಟರು. ಮೂರನೆಯದರಲ್ಲಿ ನಾನು ಬಟ್ಟಿ ಇಳಿಸಿದ ನೀರನ್ನು ತುಂಬಿಸಿಯೇ ತಂದಿದ್ದೆ.