ನಿನ್ನೆ ಹೇಳಿದ್ದು ಏನಾಯಿತು?

ಧಾರವಾಡಕ್ಕೆ ಬಂದ ಮೊದಲ ತಿಂಗಳು ನಾನು ಬಡಿದ ಜೋಳದ ರೊಟ್ಟಿಗಳಲ್ಲಿ ಒಂದೂ ಇಡಿಯಾಗಿ ಹಂಚು ಸೇರಲಿಲ್ಲ. ಬಡಿಯುವಾಗಲೇ ಅಂಚು ಬಿರಿಯುತ್ತಿತ್ತು. ಹೇಗೋ ಸವರಿ ಕೂಡಿಸಿ ಎತ್ತಿದರೆ ನಡುವೆ ಹರಿದು ಅರ್ಧ ಕೈಯಲ್ಲಿ, ಅರ್ಧ ಹಲಗೆಯ ಮೇಲೆ. ಅದು 2011ರ ಜೂನ್. ಶಿರಸಿ ಕಡೆಯ ಹಳ್ಳಿಯಲ್ಲಿ ಬೆಳೆದ ನನಗೆ ಅನ್ನ ಗೊತ್ತು, ತಂಬುಳಿ ಗೊತ್ತು, ಅಪ್ಪೆಹುಳಿ, ದೋಸೆ ಗೊತ್ತು. ಯಜಮಾನರಿಗೆ ವರ್ಗವಾಗಿ ಸಪ್ತಾಪುರದ ಓಣಿಯೊಂದರಲ್ಲಿ ಮನೆ ಹಿಡಿದ ಮೇಲೆ, ಈ ಊರಲ್ಲಿದ್ದು ರೊಟ್ಟಿ ಬಾರದಿದ್ದರೆ ಹೇಗೆ ಎಂಬ ಹಟ ಹುಟ್ಟಿತು. ಹಟದ ಜೊತೆಗೇ ದಿನವೂ ಹಿಟ್ಟು ಹಾಳಾಗುವ ಸಂಕಟ.

ಒಂದು ಬೆಳಿಗ್ಗೆ ಮೂಲೆ ಮನೆಯ ಅಕ್ಕಾರು ಮೊಸರಿಗೆ ಹೆಪ್ಪು ಕೇಳಲು ಬಂದವರು ಅಡುಗೆಮನೆಯ ಬಾಗಿಲಲ್ಲೇ ನಿಂತರು. ಹಲಗೆಯ ಮೇಲಿನ ಚೂರುಗಳನ್ನು ನೋಡಿದರು. 'ಅಯ್ಯೋ' ಎನ್ನಲಿಲ್ಲ, ನಗಲೂ ಇಲ್ಲ. ಮೂರು ಪ್ರಶ್ನೆ ಕೇಳಿದರು. ಹಿಟ್ಟು ಬೀಸಿಸಿ ಎಷ್ಟು ದಿನವಾಯಿತು? ಎಸರು ಕುದಿಯಿತೇ, ಬರೀ ಬಿಸಿಯಾಗಿತ್ತೇ? ಒಂದೊಂದು ಉಂಡೆಯನ್ನು ಎಷ್ಟು ಹೊತ್ತು ನಾದಿದೆ? ನನ್ನ ಉತ್ತರ ಮೂರಕ್ಕೂ ತಪ್ಪು. ಹಿಟ್ಟು ಅಂಗಡಿಯ ಪೊಟ್ಟಣದ್ದು, ನೀರು ಉಗುರು ಬೆಚ್ಚಗಿನದು, ನಾದುವುದು ಎಂದರೆ ಚಪಾತಿ ಹಿಟ್ಟಿನಂತೆ ಎಲ್ಲವನ್ನೂ ಒಮ್ಮೆಗೇ ಕಲಸಿಡುವುದು ಎಂದು ತಿಳಿದಿದ್ದೆ.

ಅವರು ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು. ಚಿಟಿಕೆ ಉಪ್ಪು ಹಾಕಿದ ನೀರು ಕುದಿ ಬರುವವರೆಗೆ ಕಾದರು. ಹಿಟ್ಟಿನ ನಡುವೆ ಗುಳಿ ಮಾಡಿ ಕುದಿಯುವ ಎಸರನ್ನು ಅಲ್ಲಿಗೇ ಸುರಿದು, ಚಮಚದ ಹಿಡಿಕೆಯಿಂದ ತಿರುವಿ, ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಒಂದೇ ರೊಟ್ಟಿಗಾಗುವಷ್ಟು ಹಿಟ್ಟನ್ನು ಮುಂದಕ್ಕೆ ಎಳೆದುಕೊಂಡು, ಕೈ ಒದ್ದೆ ಮಾಡಿಕೊಂಡು, ಅಂಗೈಯ ಬುಡದಿಂದ ಒತ್ತಿ ಮುಂದೆ ತಳ್ಳುವುದು, ಮತ್ತೆ ಬಾಚಿ ಹಿಂದಕ್ಕೆ ತರುವುದು. ಹತ್ತು ಸಲ, ಇಪ್ಪತ್ತು ಸಲ. ಉಂಡೆಯನ್ನು ಬಿಲ್ಲೆಯಂತೆ ತಟ್ಟಿ ಅಂಚಿಗೆ ಹೆಬ್ಬೆರಳು ಆಡಿಸಿ ತೋರಿಸಿದರು: ಇಲ್ಲಿ ಒಂದು ಬಿರುಕೂ ಇರಬಾರದು, ಈಗಿನ ಸಣ್ಣ ಬಿರುಕೇ ಮುಂದೆ ದೊಡ್ಡ ಹರಕು. ಹಲಗೆಗೆ ಒಣಹಿಟ್ಟು ಉದುರಿಸಿ ಬಲಗೈಯಲ್ಲಿ ಬಡಿಯುತ್ತ ಎಡಗೈ ಬೆರಳಿನಿಂದ ಅಂಚನ್ನು ಸರಿಸುತ್ತಿದ್ದರೆ ರೊಟ್ಟಿ ತಾನಾಗಿ ತಿರುಗುತ್ತ ಅಗಲವಾಗುತ್ತಿತ್ತು. ಹಂಚಿನ ಮೇಲೆ ಹಿಟ್ಟು ಹತ್ತಿದ ಮೈ ಮೇಲಾಗಿ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುತ್ತಿದ್ದಂತೆ ಮಗುಚಿದರು. ಬುಗ್ಗೆಯಂತೆ ಉಬ್ಬಿತು.

ಇದರ ಕಾರಣ ನನಗೆ ಆಮೇಲೆ ತಿಳಿಯಿತು. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇರುವುದರಿಂದ ತಣ್ಣೀರಲ್ಲಿ ಕಲಸಿದರೂ ಎಳೆದಂತೆ ಬರುತ್ತದೆ. ಜೋಳದಲ್ಲಿ ಅದಿಲ್ಲ. ಕುದಿಯುವ ನೀರು ಬಿದ್ದಾಗ ಅದರ ಪಿಷ್ಟ ಅರೆಬೆಂದು ಜಿಗಿ ಬಿಡುತ್ತದೆ, ರೊಟ್ಟಿಯನ್ನು ಹಿಡಿದಿಡುವುದು ಆ ಜಿಗಿಯೇ. ಹಿಟ್ಟು ಹಳೆಯದಾದಷ್ಟೂ ಜಿಗಿ ಕಡಿಮೆ. ಅದಕ್ಕೇ ಇಲ್ಲಿಯವರು ಗಿರಣಿಗೆ ಆಗಾಗ ಹೋಗಿ ಬೇಕಾದಷ್ಟನ್ನೇ ಬೀಸಿಸಿಕೊಂಡು ಬರುತ್ತಾರೆ.

ಆದರೆ ನನಗೆ ರೊಟ್ಟಿ ಬಂದದ್ದು ಆ ದಿನವಲ್ಲ. ಅವರೆದುರು ಬಡಿದ ಮೊದಲನೆಯದೂ ಹರಿಯಿತು. ಆಗ ಅವರು ಹೇಳಿದ್ದು ಇಷ್ಟು: "ಮದುವೆಯಾಗಿ ಬಂದ ವರ್ಷ ನನ್ನದೂ ಹೀಗೇ ಹರಿಯುತ್ತಿತ್ತು ತಂಗಿ. ಅತ್ತೆ ನೋಡುವುದರೊಳಗೆ ಎತ್ತಿ ಎಮ್ಮೆಗೆ ಹಾಕುತ್ತಿದ್ದೆ. ನಾದಿನಿ ನೋಡಿ ಕಲಿಸಿದಳು." ಮರುದಿನ ಹತ್ತು ಗಂಟೆಗೆ ಅವರು ಕಾಂಪೌಂಡಿನ ಆಚೆಯಿಂದ ಕೂಗಿ ಕೇಳಿದರು, ನಿನ್ನೆ ಹೇಳಿದ್ದು ಏನಾಯಿತು ಎಂದು. ಅದರ ಮರುದಿನವೂ ಕೇಳಿದರು. ಮೂರು ವಾರ ಒಂದು ದಿನವೂ ತಪ್ಪಿಸಲಿಲ್ಲ. ಕೇಳುತ್ತಾರೆ ಎಂದು ಗೊತ್ತಿದ್ದುದರಿಂದಲೇ ನಾನು ಬಿಡಲಿಲ್ಲ.

ಹದಿಮೂರು ವರ್ಷಕ್ಕೂ ಮೇಲಾಯಿತು. ಮನೆಯ ಮುಂದಿನ ಕೋಣೆಯಲ್ಲಿ ಈಗ ನನ್ನ ಹೊಲಿಗೆ ಯಂತ್ರವಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ಓಣಿಯ ಹೆಣ್ಣುಮಕ್ಕಳು ರವಿಕೆ ಬಟ್ಟೆ, ಸೀರೆಯ ಫಾಲ್ ಹಿಡಿದು ಬರುತ್ತಾರೆ. ಅಳತೆ ಕೊಡಲು ಐದು ನಿಮಿಷ ಸಾಕು, ಕೂರುವುದು ಒಂದು ಗಂಟೆ. ಹತ್ತಿ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ತನ್ನಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ರವಿಕೆ ಕುಗ್ಗುತ್ತದೆ ಎಂದು ನಾನು ಹೇಳುತ್ತೇನೆ. ಅವರು ನನಗೆ ಹೇಳುವುದು ಅದಕ್ಕಿಂತ ಬಹಳ ಹೆಚ್ಚು.

ತೊಗರಿಬೇಳೆ ಬೇಯುವುದಿಲ್ಲವೆಂದು ಒಬ್ಬರು ಎರಡು ಅಂಗಡಿ ಬದಲಿಸಿದ್ದರು. ಬೇಳೆಯದೇನೂ ತಪ್ಪಿಲ್ಲ, ಕೊಳವೆಬಾವಿಯ ಗಡಸು ನೀರಿನದು ಎಂದು ಇನ್ನೊಬ್ಬರು ಹೇಳಿದರು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆ ಮೆತ್ತಗಾಗಲು ಬಿಡುವುದಿಲ್ಲ. ಬೇಳೆಗೆ ಮಾತ್ರ ಫಿಲ್ಟರ್ ನೀರು ಹಾಕು, ಬೆಂದ ಮೇಲೆಯೇ ಹುಣಸೆಹುಳಿ ಸೇರಿಸು ಎಂದರು. ವಾರದೊಳಗೆ ಮೊದಲಿನವರು ಸಾರು ಹಿಡಿದುಕೊಂಡೇ ಬಂದರು. ಡಿಸೆಂಬರಿನಲ್ಲಿ ಇಡ್ಲಿ ಹಿಟ್ಟು ಉಬ್ಬದಿದ್ದರೆ ಎಲ್ಲರೂ ನನ್ನನ್ನು ಕೇಳುತ್ತಾರೆ. ಉದ್ದಿನ ಜೊತೆ ಒಂದು ಚಮಚ ಮೆಂತ್ಯ ನೆನೆಸಿ, ರುಬ್ಬಿದ ಮೇಲೆ ಕೈಯಿಂದ ಕಲಸಿ, ಬಿಸಿನೀರಿನ ಅಗಲ ಪಾತ್ರೆಯೊಳಗೆ ಹಿಟ್ಟಿನ ಪಾತ್ರೆ ಇಟ್ಟು ಕಂಬಳಿ ಹೊದಿಸಿ ಎನ್ನುತ್ತೇನೆ. ಈ ಊರಿನ ಚಳಿಗೆ ಅಷ್ಟು ಬೇಕು.

ಅಕ್ಕಿಯ ಹುಳದ ವಿಷಯ ಬಂದರೆ ಮಾತ್ರ ಒಮ್ಮತವಿಲ್ಲ. ಹಿರಿಯರು ಒಣಗಿದ ಬೇವಿನ ಎಲೆ, ಒಣಮೆಣಸಿನಕಾಯಿ ಎನ್ನುತ್ತಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ ಫ್ರೀಜರ್ ಎನ್ನುತ್ತಾಳೆ. ಹೆಣ್ಣುಹುಳ ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು ತೂತನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಜರಡಿ ಹಿಡಿದರೆ ಹೋಗುವುದು ಕಣ್ಣಿಗೆ ಕಂಡ ಹುಳ ಮಾತ್ರ, ಒಳಗಿನದು ತಿಂಗಳಲ್ಲಿ ಮತ್ತೆ ಹೊರಬರುತ್ತದೆ. ವಾರ ಕಾಲ ಫ್ರೀಜರಿನಲ್ಲಿಟ್ಟರೆ ಮೊಟ್ಟೆಯೂ ಸಾಯುತ್ತದೆ. ನಾನು ಅವಳ ಪರ. ಆದರೆ ಇಪ್ಪತ್ತೈದು ಕೆಜಿ ಚೀಲ ತರುವವರ ಮನೆಯಲ್ಲಿ ಅಷ್ಟು ದೊಡ್ಡ ಫ್ರೀಜರ್ ಎಲ್ಲಿದೆ? ಅವರಿಗೆ ಬೇವೇ ಗತಿ, ಜೊತೆಗೆ ಗಾಳಿಯಾಡದ ಡಬ್ಬಿ.

ಕಳೆದ ವರ್ಷ ನಡೆದ ಒಂದು ಘಟನೆಯನ್ನು ಇಲ್ಲಿ ಬರೆಯಲೇಬೇಕು. ಹಿಂದಿನ ಮನೆಗೆ ಬಾಡಿಗೆಗೆ ಬಂದ ಹುಡುಗಿ ಬಚ್ಚಲಿನ ಹಳದಿ ಕಲೆ ತೆಗೆಯಲು ಬ್ಲೀಚಿಂಗ್ ಪೌಡರ್ ಉದುರಿಸಿ, ಅದರ ಮೇಲೆ ಶೌಚಾಲಯ ತೊಳೆಯುವ ಆ್ಯಸಿಡ್ ಸುರಿದಿದ್ದಳು. ಎರಡೂ ಸೇರಿದರೆ ಬೇಗ ಬೆಳ್ಳಗಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಓಡಿ ಬಂದಳು. ಬಿಸಿಲಿಗೆ, ಗಾಳಿಗೆ ಕರೆತಂದು ಕೂರಿಸಿ, ಮುಖ ತೊಳೆಸಿ, ಆಸ್ಪತ್ರೆಗೆ ಕರೆದೊಯ್ದೆವು. ಅದೃಷ್ಟಕ್ಕೆ ಬಚ್ಚಲಿನ ಬಾಗಿಲು ತೆರೆದಿತ್ತು. ಪಿಯುಸಿ ಓದುತ್ತಿದ್ದ ಮಗ ರಾತ್ರಿ ಹೇಳಿದ: ಅವೆರಡು ಸೇರಿದರೆ ಬರುವುದು ಕ್ಲೋರಿನ್ ಅನಿಲ, 1915ರಲ್ಲಿ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಅದನ್ನೇ. ನನ್ನ ಕೈಕಾಲು ತಣ್ಣಗಾಯಿತು. ದಯವಿಟ್ಟು ಯಾರೂ ಎರಡು ಬಗೆಯ ತೊಳೆಯುವ ವಸ್ತುಗಳನ್ನು ಬೆರೆಸಬೇಡಿ. ನಿಮಗೆ ಯಾರಾದರೂ ಹಾಗೆ ಹೇಳಿದರೆ ಅವರಿಗೂ ಇದನ್ನು ತಿಳಿಸಿ.

ಅವಳಿಗೆ ಹಾಗೆ ಹೇಳಿದವರ ಮೇಲೆ ನನಗೆ ಸಿಟ್ಟು ಬಂತು. ಆದರೆ ಆ ಸಿಟ್ಟು ನನ್ನ ಕಡೆಗೂ ತಿರುಗಿತು, ಏಕೆಂದರೆ ಅರೆಬರೆ ಹೇಳಿ ಇನ್ನೊಬ್ಬರ ಶ್ರಮ ಕೆಡಿಸಿದವಳು ನಾನೂ ಹೌದು.

ಅದು ಅಪ್ಪೆಮಿಡಿಯ ಕಥೆ, ಉಪ್ಪಿನಕಾಯಿಗೆ ಹಾಕುವ ಘಮದ ಎಳೆ ಮಾವಿನಕಾಯಿಯದು. ಎದುರು ಮನೆಯ ತಂಗಿಗೆ ನಮ್ಮ ಊರಿನ ಉಪ್ಪಿನಕಾಯಿ ಎಂದರೆ ಪ್ರಾಣ. ಒಂದು ಮಾರ್ಚಿನಲ್ಲಿ ಶಿರಸಿಯಿಂದ ಅವಳಿಗಾಗಿ ನೂರು ಮಿಡಿ ತಂದುಕೊಟ್ಟೆ. ತೊಟ್ಟು ಸಮೇತ ಕೊಯ್ದವು, ಸೊನೆಯ ಘಮ ಚೀಲದ ಹೊರಗೂ ಬರುತ್ತಿತ್ತು. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು, ನಾಲ್ಕು ಹಿಡಿ ಉಪ್ಪು ಸಾಕು, ಮೇಲೆ ಭಾರ ಇಡು, ಮಿಡಿ ಸುಕ್ಕುಗಟ್ಟುವವರೆಗೆ ಬಿಡು ಎಂದೆ. ಅಮ್ಮ ಹೇಳುವುದು ಹಾಗೆಯೇ, ನಾನೂ ಹಾಗೆಯೇ ಹೇಳಿದೆ. ಆ ವರ್ಷ ಮಗನಿಗೆ ಕಾಯಿಲೆಯಾಗಿ ನಾನು ಮತ್ತೆ ಕೇಳಲು ಹೋಗಲಿಲ್ಲ. ಎರಡು ತಿಂಗಳಾದ ಮೇಲೆ ಅವಳೇ, ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿ, ಎಲ್ಲವನ್ನೂ ಚೆಲ್ಲಿದೆ ಅಕ್ಕ ಎಂದಳು. ಬೂಷ್ಟು ಬಂದು ಮಿಡಿ ಲೊಳಲೊಳ ಆಗಿತ್ತಂತೆ. ನೂರು ಮಿಡಿ! ನನ್ನ ಕೈ ಹಿಡಿದುಕೊಂಡು ಕ್ಷಮೆ ಕೇಳಿದಳು. ಕೇಳಬೇಕಾದವಳು ನಾನು.

ಮುಂದಿನ ಮಾರ್ಚಿನಲ್ಲಿ ತವರಿಗೆ ಹೋದಾಗ ತೂಕದ ಯಂತ್ರ ತೆಗೆದುಕೊಂಡು ಹೋದೆ. ಅಮ್ಮ ಕಣ್ಣಳತೆಯಲ್ಲಿ ಹಾಕುತ್ತಿದ್ದ ಹಿಡಿಗಳನ್ನು ಒಂದೊಂದಾಗಿ ತೂಗಿದೆ. ಅಮ್ಮನ ಒಂದು ಹಿಡಿ ಹರಳುಪ್ಪು 80 ಗ್ರಾಂ. ಗದ್ದೆ ಕೆಲಸ ಮಾಡಿದ, ಅಗಲ ಅಂಗೈಯ ಕೈ ಅದು. ಧಾರವಾಡಕ್ಕೆ ಮರಳಿ ಎದುರು ಮನೆಯ ತಂಗಿಯ ಹಿಡಿ ತೂಗಿದರೆ 45 ಗ್ರಾಂ. ನಾಲ್ಕು ಹಿಡಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಉಪ್ಪು ಕಡಿಮೆ. ಮಿಡಿ ಕೆಟ್ಟದ್ದು ಅದಕ್ಕೇ. ಅಮ್ಮನ ಮನೆಯಲ್ಲಿ ಹೇಳದೆಯೇ ನಡೆಯುವ ಕೆಲಸಗಳನ್ನು ನಾನು ಅವಳಿಗೆ ಹೇಳಿಯೂ ಇರಲಿಲ್ಲ: ತೊಳೆದ ಮಿಡಿಯನ್ನು ಬಟ್ಟೆಯ ಮೇಲೆ ಹರಡಿ ಒಂದು ಹನಿ ನೀರೂ ಉಳಿಯದಂತೆ ಒರೆಸುವುದು, ಭರಣಿಯನ್ನು ಬಿಸಿಲಿಗೆ ಇಡುವುದು, ಮಿಡಿ ಬಿಟ್ಟ ಉಪ್ಪುನೀರನ್ನು ಕುದಿಸಿ ಪೂರ್ತಿ ತಣಿಸಿ ಆಮೇಲೆ ಸಾಸಿವೆ, ಮೆಣಸಿನಪುಡಿ, ಅರಿಸಿನ ಕಲಸುವುದು. ಈಗ ಕೆಜಿ ಮಿಡಿಗೆ ಕಾಲು ಕೆಜಿ ಹರಳುಪ್ಪು ಎಂದು ಬರೆದೇ ಕೊಡುತ್ತೇನೆ. ಆ ವರ್ಷ ಅವಳ ಮನೆಯಲ್ಲೇ ಕುಳಿತು ಇಬ್ಬರೂ ಹಾಕಿದೆವು. ಹದಿನೈದು ದಿನ ಸಂಜೆ ಸಂಜೆ ಹೋಗಿ ಭರಣಿ ಕುಲುಕಿ ಬಂದೆ. ಅದು ಮರುವರ್ಷದ ಮಾರ್ಚಿನವರೆಗೂ ಬಾಳಿತು.

ಕೆಟ್ಟುಹೋದುದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಆಗುವ ಮನೆ ಒಂದಿರಬೇಕು ಎಂದು ನನಗೆ ಬಲವಾಗಿ ಅನ್ನಿಸಿದ್ದು ಆಗಲೇ. 2020ರ ಲಾಕ್‌ಡೌನಿನಲ್ಲಿ ನಮ್ಮ ಓಣಿಯ ಒಬ್ಬರ ಗಂಡನಿಗೆ ಕೆಲಸ ಹೋಯಿತು. ಅವರು ಯಾರಿಗೂ ಹೇಳದೆ ಎರಡು ತಿಂಗಳು ಕಳೆದರು. ಹೊಲಿಯಲು ಕೊಟ್ಟಿದ್ದ ರವಿಕೆಯನ್ನು ಹೊಲಿಯದೆಯೇ ವಾಪಸ್ ಕೇಳಲು ಬಂದಾಗ ನನಗೆ ಅರ್ಥವಾಯಿತು. ಮೂಲೆ ಮನೆಯ ಅಕ್ಕಾರು ಅವರನ್ನು ಕೂರಿಸಿ ಕೇಳಿದರು, ದಿನಕ್ಕೆ ಎಷ್ಟು ರೊಟ್ಟಿ ಬಡಿಯಬಲ್ಲೆ? ಖಡಕ್ ರೊಟ್ಟಿಯಲ್ಲಿ ನೀರಿನಂಶ ಬಹಳ ಕಡಿಮೆ ಇರುವುದರಿಂದ ವಾರಗಟ್ಟಲೆ ಕೆಡುವುದಿಲ್ಲ, ಊರೂರಿಗೂ ಹೋಗುತ್ತದೆ. ಮೊದಲ ದಿನ ನಲವತ್ತು. ಒಬ್ಬರು ಶೇಂಗಾ ಚಟ್ನಿ ಕುಟ್ಟಿಕೊಟ್ಟರು, ಇನ್ನೊಬ್ಬರು ಜೋಳದ ಬೆಲೆ, ಗ್ಯಾಸು, ಕವರು ಎಲ್ಲ ಕೂಡಿಸಿ ಒಂದು ರೊಟ್ಟಿಗೆ ಎಷ್ಟು ಬೀಳುತ್ತದೆಂದು ಲೆಕ್ಕ ಹಾಕಿದರು. ನಷ್ಟಕ್ಕೆ ಮಾರುತ್ತಿದ್ದೀ ಎಂದು ಅವರಿಗೆ ಗಟ್ಟಿಯಾಗಿ ಹೇಳಿದ್ದೂ ಅದೇ ಲೆಕ್ಕದವರು. ಈಗ ಅವರ ಬಳಿ ಇಬ್ಬರು ಕೆಲಸಕ್ಕಿದ್ದಾರೆ. ಬೆಳಿಗ್ಗೆ ಅವರ ಮನೆಯ ಮುಂದೆ ಹೋದರೆ ಬಡಿತದ ಸದ್ದು ರಸ್ತೆಗೆ ಕೇಳುತ್ತದೆ. ನನಗೆ ಅದನ್ನು ಕೇಳುವುದೇ ಸಂತೋಷ.

ಈ ತಿಂಗಳು ಮೂಲೆ ಮನೆಯ ಅಕ್ಕಾರು ಹಲ್ಲು ತೆಗೆಸಿದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ. ರೊಟ್ಟಿ ಅಗಿಯಲಾಗುವುದಿಲ್ಲ, ಹಾಲಿನಲ್ಲಿ ನೆನೆಸಿ ತಿಂದು ಬೇಸರವಾಗಿದೆ. ಮೊನ್ನೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಳಿತು, "ನಿಮ್ಮ ಕಡೆಯ ಆ ಹಸಿರು ಮಜ್ಜಿಗೆಯಂಥದ್ದು ಹೇಗೆ ಮಾಡುವುದು ತಂಗಿ?" ಎಂದು ಕೇಳಿದರು. ಅವರು ಕೇಳಿದ್ದು ತಂಬುಳಿಯನ್ನು. ಹಿತ್ತಲಿನ ದೊಡ್ಡಪತ್ರೆಯ ಹತ್ತು ಎಲೆ ಕಿತ್ತುಕೊಟ್ಟೆ. ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನೊಡನೆ ಎಲೆ ಬಾಡಿಸಿ, ಹಿಡಿ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಕಡೆದ ಮಜ್ಜಿಗೆಗೆ ಕಲಸಿ, ಕುದಿಸಬೇಡಿ, ಮೆತ್ತಗಿನ ಅನ್ನಕ್ಕೆ ಹಾಕಿಕೊಳ್ಳಿ ಎಂದೆ.

ನಿನ್ನೆ ಹತ್ತು ಗಂಟೆಗೆ ಕಾಂಪೌಂಡಿನ ಈಚೆಯಿಂದ ಕೂಗಿ ಕೇಳಿದೆ, ಏನಾಯಿತು ಅಕ್ಕಾರೆ ಎಂದು. ಎಲೆ ಹೆಚ್ಚು ಹುರಿದು ಕಹಿಯಾಯಿತು ಎಂದರು. ಇನ್ನು ಹತ್ತು ಎಲೆ ಕಿತ್ತುಕೊಂಡು ಹೋದೆ. ಅವರ ಅಡುಗೆಮನೆಯಲ್ಲಿ ನಿಂತು, ಎಲೆಯ ಬಣ್ಣ ತಿರುಗುತ್ತಿದ್ದಂತೆ ಒಲೆ ಆರಿಸಬೇಕು, ಇಷ್ಟಕ್ಕೇ ಎಂದು ತೋರಿಸಿದೆ. ಅವರು ಸೌಟು ಹಿಡಿದು ಬಾಣಲೆಯೊಳಗೆ ಬಗ್ಗಿ ನೋಡುತ್ತಿದ್ದರು.