ಬಚ್ಚಲುಮನೆ ನಲ್ಲಿಯಿಂದ ಶುರುವಾದ ಅರ್ಥಿಂಗ್ ಕೆಲಸ: ಇಲ್ಲಿಯವರೆಗೆ ಆಗಿದ್ದು

ಫೆಬ್ರವರಿ 11

ಬೆಳಿಗ್ಗೆ ತೋಟದಿಂದ ಬಂದ ಆಯಿ ಕಾಲು ತೊಳೆಯಲು ಬಚ್ಚಲುಮನೆಗೆ ಹೋದವಳು ಅಲ್ಲಿಂದಲೇ ಕೂಗಿದಳು. "ತಮಾ, ನಲ್ಲಿ ಮುಟ್ಟಿರೆ ಕೈ ಜುಮ್ ಅಂತು."

ಗೀಸರ್ ಆನ್ ಇತ್ತು. ಟೆಸ್ಟರ್ ತಂದು ನಲ್ಲಿಗೆ ತಾಗಿಸಿದರೆ ಮಂದವಾಗಿ ಉರಿಯಿತು. ಗೀಸರ್ ಸ್ವಿಚ್ ಆರಿಸಿದ ಮೇಲೆ ಉರಿಯಲಿಲ್ಲ. ಒದ್ದೆ ಅಂಗಳದಲ್ಲಿ ಒಂದು ಸರಳು ಬಡಿದು, ಅದಕ್ಕೂ ನಲ್ಲಿಗೂ ಮೀಟರ್ ಹಿಡಿದೆ. ಗೀಸರ್ ಹಾಕಿದಾಗ 96 ವೋಲ್ಟ್, ಆರಿಸಿದಾಗ ಸೊನ್ನೆ. ಡಿಜಿಟಲ್ ಮೀಟರ್ ಕೆಲವು ಸಲ ಇಲ್ಲದ ವೋಲ್ಟೇಜ್ ತೋರಿಸುತ್ತದೆ, ನಿಜ. ಆದರೆ ಆಯಿಯ ಕೈಗೆ ಆಗಿದ್ದು ಸುಳ್ಳಲ್ಲ. ಗೀಸರ್ ಬಂದ್ ಮಾಡಿ, ಹಂಡೆಗೆ ಬೆಂಕಿ ಹಾಕಿದೆವು.

ಒದ್ದೆ ಮೈಯ ತಡೆ ಸುಮಾರು 1000 ಓಮ್‌ಗೆ ಇಳಿಯುತ್ತದೆ. ಪೂರ್ತಿ 230 ವೋಲ್ಟ್ ಬಂದಿದ್ದರೆ 230 ಮಿಲಿಆಂಪಿಯರ್ ಮೈಯೊಳಗೆ ಹರಿಯುತ್ತಿತ್ತು. ಅದು ಜೀವ ತೆಗೆಯುವಷ್ಟು ಕರೆಂಟು. ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಫೆಬ್ರವರಿ 13

ಮೇನ್ ಆರಿಸಿ, ಲೀಕ್ ಆದ ಕರೆಂಟನ್ನು ಭೂಮಿಗೆ ಒಯ್ಯಬೇಕಾದ ಅರ್ಥ್ ತಂತಿ ಹಿಡಿದುಕೊಂಡು ಅದು ಹೋದಲ್ಲೆಲ್ಲ ಹೋದೆ. ಬೋರ್ಡಿನಿಂದ ಹೊರಟು, ಗೋಡೆ ದಾಟಿ, ಹಿತ್ತಲ ಕಡೆ ನೀರಿನ ಜಿಐ (ಸತು ಲೇಪದ ಕಬ್ಬಿಣ) ಪೈಪಿಗೆ ನಾಲ್ಕು ಸುತ್ತು ಸುತ್ತಿ ಮುಗಿದಿತ್ತು. ಅಷ್ಟೇ. ಬಿಗಿಯುವ ಕ್ಲಾಂಪ್ ಇಲ್ಲ, ತಂತಿಯ ತುದಿಗೆ ಹಾಕುವ ಲಗ್ ಇಲ್ಲ. ಸುತ್ತಿದ ತಾಮ್ರ ಹಸಿರು ಹಿಟ್ಟಾಗಿತ್ತು. ಉಗುರಿನಿಂದ ಮುಟ್ಟಿದರೆ ಎರಡು ಎಳೆ ಪುಡಿಯಾಗಿ ಉದುರಿತು. ಸಮುದ್ರ ಇಲ್ಲಿಂದ ಮೂರೇ ಕಿಲೋಮೀಟರ್, ಉಪ್ಪುಗಾಳಿ ಏನನ್ನೂ ಬಿಡುವುದಿಲ್ಲ.

ಅಪ್ಪಯ್ಯನ ಕಾಲದಲ್ಲಿ ಇದು ಹೇಗೋ ನಡೆಯುತ್ತಿತ್ತು. ಆಗ ಬಾವಿಯಿಂದ ಮನೆವರೆಗೆ ಪೂರ್ತಿ ಜಿಐ ಪೈಪು. ಅರವತ್ತು ಅಡಿ ಮಣ್ಣಿನೊಳಗೇ ಇತ್ತು, ಹಾಗಾಗಿ ಪೈಪೇ ಅರ್ಥ್. ಆರು ವರ್ಷದ ಹಿಂದೆ ಅದು ತುಕ್ಕು ಹಿಡಿದು ಸೋರಿತು ಅಂತ ಕಪ್ಪು ಎಚ್‌ಡಿಪಿಇ ಪೈಪು, ಅಂದರೆ ಕರೆಂಟು ಹರಿಯದ ಪ್ಲಾಸ್ಟಿಕ್ ಪೈಪು, ಹಾಕಿಸಿದೆವು. ಗೋಡೆಯೊಳಗಿನ ಜಿಐ ಪೈಪು ಮಾತ್ರ ಹಾಗೇ ಉಳಿಯಿತು. ಅವತ್ತಿನಿಂದ ಮನೆಯ ಅರ್ಥ್ ತಂತಿ ಭೂಮಿಗೆ ತಾಗಿಯೇ ಇಲ್ಲ. ಪ್ಲಂಬರ್‌ಗೆ ಅದು ನೀರಿನ ಕೆಲಸ. ನಮಗೂ ಹೊಳೆಯಲಿಲ್ಲ.

ಈಗ ಗೀಸರಿನಲ್ಲಿ ಲೀಕ್ ಆದ ಕರೆಂಟು ಅದರ ಬಾಡಿಗೆ ಬಂತು, ಅಲ್ಲಿಂದ ಅರ್ಥ್ ತಂತಿಗೆ, ತಂತಿಯಿಂದ ಪೈಪಿಗೆ, ಪೈಪಿನಿಂದ ಎಲ್ಲ ನಲ್ಲಿಗೆ. ಕಾಪಾಡಬೇಕಾದ ತಂತಿಯೇ ಕರೆಂಟನ್ನು ನಲ್ಲಿಯವರೆಗೆ ತಂದು ಕೊಡುತ್ತಿತ್ತು. ಫ್ರಿಜ್ ಕೆಟ್ಟಿದ್ದರೂ ಹೀಗೇ ಆಗುತ್ತಿತ್ತು. ಪೈಪಿಗೆ ಅರ್ಥ್ ಕೊಡಬೇಕು, ಪೈಪನ್ನೇ ಅರ್ಥ್ ಮಾಡಿಕೊಳ್ಳಬಾರದು. ಹಳೆ ಮನೆಯಲ್ಲಿ ಪಿವಿಸಿ ಪೈಪು ಹಾಕಿಸಿದವರು ದಯವಿಟ್ಟು ಇದೊಂದನ್ನು ನೋಡಿಕೊಳ್ಳಿ.

ಫೆಬ್ರವರಿ 20

ಲೈಸೆನ್ಸ್ ಇರುವ ವೈರ್‌ಮನ್ ಒಬ್ಬರನ್ನು ಕುಮಟೆಯಿಂದ ಕರೆಸಿದೆ. ಅಗೆಯುವುದು, ಉಜ್ಜುವುದು, ಬರೆದಿಡುವುದು ನನ್ನ ಕೆಲಸ. ಬೋರ್ಡಿನ ಕೆಲಸ ಪೂರ್ತಿ ಅವರದು. ಗೀಸರ್ ಎಲಿಮೆಂಟಿಗೆ 500 ವೋಲ್ಟ್ ಮೆಗ್ಗರ್ (ಕರೆಂಟು ಸೋರುತ್ತದಾ ಅಂತ ನೋಡುವ ಮೀಟರ್) ಹಿಡಿದರು, ಮುಳ್ಳು ಹೆಚ್ಚುಕಡಿಮೆ ಸೊನ್ನೆಯಲ್ಲೇ ನಿಂತಿತು. ಒಂದು ಮೆಗಾಓಮ್ ಕೂಡ ಇಲ್ಲ. ಎಲಿಮೆಂಟ್ ಬದಲಾಯಿತು.

ಮಾರ್ಚ್ 2 ರಿಂದ 9

ಅರ್ಥ್ ತಂತಿಯನ್ನು ಭೂಮಿಗೆ ಸೇರಿಸುವ ಅರ್ಥಿಂಗ್ ಗುಂಡಿ. ಜಾಗ ಆರಿಸಲು ಎರಡು ದಿನ ಹೋಯಿತು. ಮನೆ ಪಾಯದಿಂದ ಕನಿಷ್ಠ ಒಂದೂವರೆ ಮೀಟರ್ ದೂರ ಇರಬೇಕು. ಉಪ್ಪು ಹಾಕುವುದರಿಂದ ಬಾವಿಯ ಹತ್ತಿರ ಬೇಡ. ಕೊನೆಗೆ ಬಚ್ಚಲು ನೀರು ಹೋಗುವ ಬಾಳೆಯ ಬುಡದ ಪಕ್ಕ ಗುರುತು ಮಾಡಿದೆವು. ಬೇಸಿಗೆಯಲ್ಲೂ ತಂಪು ಇರುವ ಜಾಗ ಅದೊಂದೇ.

ಮೇಲಿನ ನಾಲ್ಕು ಅಡಿ ಗಟ್ಟಿ ಚಿರೇಕಲ್ಲು. ಗುದ್ದಲಿ ಪುಟಿಯುತ್ತಿತ್ತು, ಪಿಕಾಸಿ ಮತ್ತು ಹಾರೆಯಲ್ಲೇ ಒಡೆದೆವು. ಆಮೇಲೆ ಬಣ್ಣ ಬದಲಾಗಿ ಶೇಡಿ ಮಣ್ಣು ಸಿಕ್ಕಿತು. ಮುಷ್ಟಿಯಲ್ಲಿ ಹಿಡಿದರೆ ಮೇಣದ ಹಾಗೆ ಉಂಡೆಯಾಗುತ್ತದೆ, ಬೆರಳಿನ ಗೆರೆ ಮೂಡುತ್ತದೆ, ತಣ್ಣಗಿರುತ್ತದೆ. ಇಂಥ ಮಣ್ಣು ನೀರು ಹಿಡಿದಿಡುತ್ತದೆ, ಕರೆಂಟಿಗೆ ದಾರಿ ಕೊಡುತ್ತದೆ. ಒಣ ಚಿರೇಕಲ್ಲು ಅಷ್ಟು ಸುಲಭಕ್ಕೆ ದಾರಿ ಬಿಡುವುದಿಲ್ಲ. ಅದಕ್ಕೇ ಆಳಕ್ಕೆ ಹೋಗಬೇಕು.

ತೂತು ಕೊರೆದ 40 ಮಿಲಿಮೀಟರ್ ಜಿಐ ಪೈಪು, ಎರಡೂವರೆ ಮೀಟರ್ ಉದ್ದ. ಸುತ್ತಲೂ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು. ಇದ್ದಿಲು ಬಚ್ಚಲು ಒಲೆಯದು, ಉಪ್ಪು ಸಾಣಿಕಟ್ಟೆಯದು, ಒಂದು ಚೀಲ. ಉಪ್ಪು ಮಳೆಗೆ ಕರಗಿ ಹೋಗುತ್ತದೆ, ಪೈಪನ್ನೂ ನಿಧಾನಕ್ಕೆ ತಿನ್ನುತ್ತದೆ. ಎರಡನೇ ಗುಂಡಿಗೆ ಉಪ್ಪು ಬಿಟ್ಟು ಬೆಂಟೊನೈಟ್ ಅನ್ನುವ ಜೇಡಿಮಣ್ಣಿನ ಪುಡಿ ಹಾಕುವುದು ಅಂತ ಆಗಲೇ ತೀರ್ಮಾನಿಸಿದೆ.

ಅರ್ಥ್ ಟೆಸ್ಟರಿನಲ್ಲಿ ಮೊದಲ ಲೆಕ್ಕ 38 ಓಮ್. ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ಮೂರು ದಿನ ನೀರು ಬಿಟ್ಟ ಮೇಲೆ 19.

ಮಾರ್ಚ್ 16

19 ಓಮ್ ಅಂದರೆ ಸಾಕಾ? ನಾನು ಸಾಕು ಅಂದುಕೊಂಡಿದ್ದೆ. ವೈರ್‌ಮನ್ ಅಣ್ಣ ಕಾಗದದ ಮೇಲೆ ಭಾಗಾಕಾರ ಮಾಡಿ ತೋರಿಸಿದರು. 230 ಅನ್ನು 19ರಿಂದ ಭಾಗಿಸಿದರೆ 12 ಆಂಪಿಯರ್. ಗೀಸರಿನ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, 16 ಆಂಪಿಯರಿನದು. ಫೇಸ್ (ಕರೆಂಟ್ ಬರುವ ತಂತಿ) ನೇರ ಬಾಡಿಗೆ ತಾಗಿದರೂ ಅದು ಬೀಳುವುದೇ ಇಲ್ಲ. ಸಿ ಟೈಪ್ ಎಂಸಿಬಿ ಕೂಡಲೇ ಬೀಳಬೇಕಾದರೆ ಐದರಿಂದ ಹತ್ತು ಪಟ್ಟು ಕರೆಂಟ್ ಬೇಕು. 160 ಆಂಪಿಯರ್ ಹರಿಯಬೇಕಾದರೆ ಅರ್ಥ್ ಒಂದೂವರೆ ಓಮ್‌ಗಿಂತ ಕಡಿಮೆ ಇರಬೇಕು. ಈ ನೆಲದಲ್ಲಿ ಒಂದೆರಡು ಗುಂಡಿಗೆ ಅದು ಆಗುವ ಮಾತಲ್ಲ.

ಹಾಗಾಗಿ ಆರ್‌ಸಿಸಿಬಿ ಬೇಕೇ ಬೇಕು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಎಲ್ಲೋ ಸೋರಿಹೋದರೆ ಸಾಕು, ಲೈನ್ ಕಡಿಯುತ್ತದೆ. ಅಷ್ಟು ಸೋರಲು 19 ಓಮ್ ಧಾರಾಳ. ಆರ್‌ಸಿಸಿಬಿ ಇದ್ದರೆ ಅರ್ಥ್ ಯಾಕೆ ಅಂತಲೂ ಕೆಲವರು ಕೇಳುತ್ತಾರೆ. ಅರ್ಥ್ ಇಲ್ಲದಿದ್ದರೆ ಆ 30 ಮಿಲಿಆಂಪಿಯರ್ ಹರಿಯುವುದು ಮುಟ್ಟಿದವರ ಮೈಯಲ್ಲಿ. ಅರ್ಥ್ ಇದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ.

ಮಾರ್ಚ್ 23

ಹಳೆ ಕಿಟ್‌ಕ್ಯಾಟ್ ಫ್ಯೂಸ್ ತೆಗೆದು ಹೊಸ ಬೋರ್ಡ್ ಕೂರಿಸಿದರು. ಆರ್‌ಸಿಸಿಬಿ ಎತ್ತಿದರು, ನಿಂತಿತು. ಜಗಲಿಯ ಫ್ಯಾನ್ ಹಾಕಿದ ಕೂಡಲೇ ಟಕ್ ಅಂತ ಬಿತ್ತು. ಟಿವಿ ಹಾಕಿದರೂ ಬಿತ್ತು.

ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿ ನೋಡಿದರೂ ಗೊತ್ತಾಗಲಿಲ್ಲ. ಅವು ಫೇಸ್ ಮಾತ್ರ ಕಡಿಯುತ್ತವೆ, ನ್ಯೂಟ್ರಲ್ ಹಾಗೇ ಇರುತ್ತದೆ. ಮೇನ್ ಆರಿಸಿ, ನ್ಯೂಟ್ರಲ್ ತಂತಿಗಳನ್ನು ಅವೆಲ್ಲ ಸೇರುವ ಲಿಂಕಿನಿಂದ ಬಿಚ್ಚಿ, ಒಂದೊಂದನ್ನೂ ಅರ್ಥ್‌ಗೆ ಮೀಟರ್ ಹಿಡಿದು ನೋಡಿದರು. ನಾಲ್ಕನೆಯದು ಪೀಂ ಅಂದಿತು, ಅಂದರೆ ಎಲ್ಲೋ ಅರ್ಥ್‌ಗೆ ತಾಗಿದೆ. ಅಡುಗೆಮನೆ.

ಮಿಕ್ಸಿಯ ತ್ರಿಪಿನ್ ಸಾಕೆಟ್ ಬಿಚ್ಚಿದರೆ, ನ್ಯೂಟ್ರಲ್ ಸ್ಕ್ರೂಯಿಂದ ಅರ್ಥ್ ಸ್ಕ್ರೂಗೆ ಎರಡು ಇಂಚಿನ ಕಪ್ಪು ತಂತಿ. ಹಿಂದೆ ಯಾರೋ ಹಾಕಿದ್ದು. ವಾಪಸ್ ಬರುವ ಕರೆಂಟಿನ ಒಂದು ಪಾಲು ಇದರ ಮೂಲಕ ಅರ್ಥ್‌ಗೆ ಹೋಗುತ್ತಿತ್ತು, ಅದಕ್ಕೇ ಆರ್‌ಸಿಸಿಬಿ ಬೀಳುತ್ತಿತ್ತು. ಟೆಸ್ಟ್ ಲ್ಯಾಂಪ್ ಹಿಡಿದರೆ ಚೆನ್ನಾಗಿ ಉರಿಯುತ್ತದೆ, ಅರ್ಥ್ ಸರಿ ಇದೆ ಅಂತ ಅನಿಸುತ್ತದೆ. ಆದರೆ ಎಲ್ಲಾದರೂ ನ್ಯೂಟ್ರಲ್ ಕಡಿದುಹೋದರೆ, ಆನ್ ಇರುವ ಬಲ್ಬಿನ ಮೂಲಕ ಫೇಸ್ ಸೀದಾ ಮಿಕ್ಸಿಯ ಬಾಡಿಗೆ ಬರುತ್ತದೆ. ಆ ತುಂಡನ್ನು ಎಸೆಯದೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ತುಂಡು ತೆಗೆದ ಮೇಲೆ ಆರ್‌ಸಿಸಿಬಿ ನಿಂತಿತು.

ಏಪ್ರಿಲ್ 6

ಪೈಪುಗಳ ಬಾಂಡಿಂಗ್. ನಲ್ಲಿಯ ಪೈಪು, ಶವರ್ ಪೈಪು, ಗೀಸರಿನ ಎರಡು ಪೈಪು, ಗೀಸರ್ ಬಾಡಿ, ಎಲ್ಲವನ್ನೂ 4 ಚದರ ಮಿಲಿಮೀಟರಿನ ಹಸಿರು ತಂತಿಯಲ್ಲಿ ಸೇರಿಸಿ, ಅಲ್ಲಿಂದ ಅರ್ಥ್ ಪಟ್ಟಿಗೆ 6ರ ತಂತಿ ಎಳೆದೆವು. ಎಲ್ಲ ಲೋಹ ಒಂದೇ ವೋಲ್ಟೇಜಿನಲ್ಲಿದ್ದರೆ, ಒಂದು ಕೈ ನಲ್ಲಿಯ ಮೇಲೆ, ಇನ್ನೊಂದು ಗೀಸರಿನ ಮೇಲೆ ಇದ್ದರೂ ನಡುವೆ ಕರೆಂಟ್ ಹರಿಯುವುದಿಲ್ಲ. ತಾಮ್ರದ ಹಂಡೆಗೆ ಪೈಪೂ ಇಲ್ಲ, ತಂತಿಯೂ ಇಲ್ಲ, ಅದನ್ನು ಹಾಗೇ ಬಿಟ್ಟೆವು.

ಕ್ಲಾಂಪ್ ಹಾಕುವ ಜಾಗದಲ್ಲಿ ಬಣ್ಣ, ತುಕ್ಕು ಎಲ್ಲ ಎಮರಿ ಕಾಗದದಲ್ಲಿ ಉಜ್ಜಿ ಲೋಹ ಹೊಳೆಯುವ ಹಾಗೆ ಮಾಡಬೇಕು. ಬಣ್ಣದ ಮೇಲೆ ಕ್ಲಾಂಪ್ ಬಿಗಿದರೆ ಸುಮ್ನೆ ಅಲಂಕಾರ. ಬರೀ ತಾಮ್ರ ಜಿಐಗೆ ತಾಗಿದರೆ ಈ ಗಾಳಿಯಲ್ಲಿ ಪೈಪು ಬೇಗ ತಿಂದುಹೋಗುತ್ತದೆ. ಅದಕ್ಕೆ ತವರ ಲೇಪದ ಲಗ್ ಹಾಕಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ.

ಮೇ 4

ಎರಡನೇ ಗುಂಡಿ, ಮೊದಲನೆಯದರಿಂದ ಐದು ಮೀಟರ್ ದೂರ. ಪೈಪಿನ ಉದ್ದದ ಎರಡು ಪಟ್ಟು ಅಂತರ ಇದ್ದರೆ ಎರಡೂ ಸರಿಯಾಗಿ ಕೆಲಸ ಮಾಡುತ್ತವೆ. ಎರಡೂ ಸೇರಿ 11 ಓಮ್. ಇದು ಬಿರುಬೇಸಿಗೆಯ ಲೆಕ್ಕ, ನನಗೆ ಬೇಕಾದದ್ದೂ ಇದೇ. ಮಳೆಗಾಲದಲ್ಲಿ ಅಳೆದರೆ ಎಲ್ಲ ಅರ್ಥಿಂಗೂ ಚೆನ್ನಾಗಿಯೇ ಕಾಣುತ್ತದೆ.

ಜೂನ್ 15

ಮಳೆ ಹಿಡಿದು ಹತ್ತು ದಿನ. 6 ಓಮ್. ಹೊಸ ಎಲಿಮೆಂಟ್ ಹಾಕಿದ ಗೀಸರ್ ಆನ್ ಇಟ್ಟು ನಲ್ಲಿಗೂ ಸರಳಿಗೂ ಮೀಟರ್ ಹಿಡಿದೆ, ಸೊನ್ನೆ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತುವ ಕೆಲಸ ಆಯಿ ವಹಿಸಿಕೊಂಡಿದ್ದಾಳೆ, ತಿಂಗಳ ಮೊದಲ ದಿನ ಒತ್ತುತ್ತಾಳೆ. ಆ ಬಟನ್ ಆರ್‌ಸಿಸಿಬಿ ಸರಿ ಇದೆಯಾ ಅಂತ ಮಾತ್ರ ಹೇಳುತ್ತದೆ, ಅರ್ಥಿಂಗ್ ಬಗ್ಗೆ ಏನೂ ಹೇಳುವುದಿಲ್ಲ. ಅದನ್ನು ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಟೆಸ್ಟರ್ ತಂದು ಅಳೆಯುತ್ತೇವೆ.

ಬಾವಿಯ ಪಂಪಿನ ಕೆಲಸ ಬಾಕಿ ಇದೆ. ಅದರ ತಂತಿ ಅಡಿಕೆ ಮರಗಳಿಗೆ ಕಟ್ಟಿಕೊಂಡು ಹೋಗಿದೆ, ಎರಡು ಕಡೆ ಟೇಪು ಸುತ್ತಿದ ಜಾಯಿಂಟು. ಮಳೆ ಬಿಡುವವರೆಗೆ ಪಂಪ್ ಹಾಕುವ ಅಗತ್ಯ ಇಲ್ಲ, ಸ್ವಿಚ್ಚಿನ ಫ್ಯೂಸ್ ಕಿತ್ತು ಕಪಾಟಿನಲ್ಲಿ ಇಟ್ಟಿದ್ದೇನೆ. ನವೆಂಬರಿನಲ್ಲಿ ಅಲ್ಲಿಂದ ಮುಂದುವರಿಸುತ್ತೇನೆ.