ಆ ರಾತ್ರಿ ಅವಳಿಗೆ ಊಟ ಯಾರು ಹಾಕಿದರು?

ಭಾನುವಾರ ರಾತ್ರಿ ಮನೆಮಂದಿಯೆಲ್ಲ ಕುಳಿತು ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ‘ಘಟಶ್ರಾದ್ಧ’ ಚಿತ್ರ ನೋಡಿದೆವು. ಮುಗಿದು ದೀಪ ಹಾಕಿದೊಡನೆ ಭಾವ ಕೇಳಿದ್ದು, “ಇದು ಎಷ್ಟು ವಾರ ಓಡಿತ್ತು?” ಎಂದು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಯಾರ ಮುಖವನ್ನೂ ನೋಡದೆ ಕೇಳಿದರು: “ಮರದ ಕೆಳಗೆ ಕುಳಿತಳಲ್ಲ, ಆ ರಾತ್ರಿ ಅವಳಿಗೆ ಊಟ ಯಾರು ಹಾಕಿದರು?”

ಯಾರೂ ಮಾತನಾಡಲಿಲ್ಲ. ದೊಡ್ಡಮ್ಮ ಎದ್ದು ಒಳಗೆ ಹೋಗಿ ಮಲಗಿದರು. ಈ ವಾರವಿಡೀ ಬಸ್ಸಿನಲ್ಲಿ ಕುಳಿತಾಗ, ಅನ್ನಕ್ಕೆ ಇಡುವಾಗ, ಕಚೇರಿಯಲ್ಲಿ ಯಾರೋ ಏನೋ ಕೇಳಿದಾಗ ನನಗೆ ಆ ಪ್ರಶ್ನೆಯೇ ಕೇಳಿಸುತ್ತಿದೆ.

ಭಾವ ಕೆಟ್ಟವರಲ್ಲ. ಆದರೆ ಶುಕ್ರವಾರ ಬಿಡುಗಡೆಯಾದ ಚಿತ್ರದ ಗಳಿಕೆ ಶನಿವಾರ ಬೆಳಗಿನ ಕಾಫಿಗೆ ಮುಂಚೆ ಅವರಿಗೆ ಗೊತ್ತಿರುತ್ತದೆ. ಯಾವ ಚಿತ್ರ ನೂರು ಕೋಟಿ ದಾಟಿತು, ಯಾವುದು ಮುಗ್ಗರಿಸಿತು ಎಂದು ನಿರ್ಮಾಪಕರಿಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ಅವರೊಬ್ಬರೇ ಅಲ್ಲ, ನಮ್ಮ ಕಚೇರಿಯ ಹುಡುಗರೂ ಹಾಗೆಯೇ. ಚಿತ್ರದಲ್ಲಿದ್ದ ಒಬ್ಬ ಮನುಷ್ಯನ ಬಗ್ಗೆ ಹತ್ತು ನಿಮಿಷ ಮಾತನಾಡಿದವರನ್ನು ನಾನು ಇತ್ತೀಚೆಗೆ ಕಂಡಿಲ್ಲ. ಇದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ದೊಡ್ಡಮ್ಮ ಬೇರೆ ಯಾವ ಪ್ರಶ್ನೆಯನ್ನಾದರೂ ಕೇಳಬಹುದಿತ್ತು. ಅವಳನ್ನು ಬಸಿರು ಮಾಡಿದ ಮೇಷ್ಟರಿಗೆ ಏಕೆ ಶಿಕ್ಷೆಯಾಗಲಿಲ್ಲ ಎನ್ನಬಹುದಿತ್ತು. ವಿಧವೆ ಮಗಳು ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿ ಮುಗಿಸಿದ ಉಡುಪರನ್ನು ಬೈಯಬಹುದಿತ್ತು. ಊಟವೇ ಏಕೆ ನೆನಪಾಯಿತು? ಮತ್ತೆ ಮೊದಲಿನಿಂದ ಚಿತ್ರ ಹಾಕಿಕೊಂಡು ನೋಡಿದೆ. ಉಡುಪರ ವೇದಪಾಠಶಾಲೆಗೆ ಬಂದ ಪುಟ್ಟ ನಾಣಿಗೆ ಮನೆಯ ನೆನಪು ಕಾಡುತ್ತದೆ, ದೊಡ್ಡ ಹುಡುಗರ ಕಾಟ ಬೇರೆ. ಅಲ್ಲಿ ಅವನನ್ನು ಹತ್ತಿರ ಕರೆದುಕೊಳ್ಳುವವಳು ಉಡುಪರ ಆ ಮಗಳು ಯಮುನಕ್ಕ ಒಬ್ಬಳೇ. ಉಡುಪರು ಊರಿಗೆ ಹೋದಾಗ ಆ ಮನೆ, ಆ ಹುಡುಗರು ಎಲ್ಲವೂ ಅವಳ ಮೇಲೆಯೇ. ಇಷ್ಟು ಜನರನ್ನು ನೋಡಿಕೊಂಡವಳು ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕುಳಿತಿದ್ದಾಳೆ. ನಾಣಿಯನ್ನು ಅವನ ಅಪ್ಪ ಕರೆದುಕೊಂಡು ಹೊರಟಿದ್ದಾನೆ. ಬಾಳಿನುದ್ದಕ್ಕೂ ಪಂಕ್ತಿಗೆ ಬಡಿಸಿದ ದೊಡ್ಡಮ್ಮನಿಗೆ ಊಟವೇ ಹೊಳೆಯದೆ ಮತ್ತೇನು ಹೊಳೆಯಬೇಕು!

ಚಿತ್ರ ಇದನ್ನು ಯಾವ ಮಾತಿನಲ್ಲೂ ಹೇಳುವುದಿಲ್ಲ. 1977ರಲ್ಲಿ ಈ ಚಿತ್ರ ಬಂದಾಗ ಗಿರೀಶ ಕಾಸರವಳ್ಳಿಯವರಿಗೆ ಇಪ್ಪತ್ತೇಳರ ಆಸುಪಾಸು. ಇದು ಅವರ ಮೊದಲ ಕಥಾಚಿತ್ರ. ಅನಂತಮೂರ್ತಿಯವರ ಕಥೆ ಕೈಯಲ್ಲಿತ್ತು, ಕೋಪ ಬರಿಸುವ ವಿಷಯವಿತ್ತು. ಆ ವಯಸ್ಸಿನ ಬೇರೆಯವರಾಗಿದ್ದರೆ ಒಂದು ಭಾಷಣವನ್ನಾದರೂ ಸೇರಿಸುತ್ತಿದ್ದರು. ಇವರು ನಾಣಿಗೆ ಕಂಡಷ್ಟನ್ನೇ ತೋರಿಸುತ್ತಾ ಹೋದರು. ಯಮುನಕ್ಕ ಹುತ್ತದೊಳಗೆ ಕೈ ಇಡುವಾಗ ಅವಳಿಗೇನಾಗಿದೆ ಎಂದು ಆ ಹುಡುಗನಿಗೆ ಪೂರ್ತಿ ತಿಳಿಯದು, ನಮಗೆ ತಿಳಿಯುತ್ತದೆ. ಅವನ ಹೆದರಿಕೆಗೂ ನಮ್ಮ ತಿಳಿವಳಿಕೆಗೂ ನಡುವಿನ ಆ ಅಂತರದಲ್ಲಿಯೇ ನನ್ನ ಗಂಟಲು ಕಟ್ಟಿತು. ಈಗಿನ ಎಷ್ಟೋ ಚಿತ್ರಗಳಲ್ಲಿ ಯಾವಾಗ ಅಳಬೇಕು, ಯಾವಾಗ ಎದೆಯುಬ್ಬಿಸಬೇಕು ಎಂದು ಹಿನ್ನೆಲೆ ಸಂಗೀತವೇ ಆಜ್ಞೆ ಮಾಡುತ್ತದೆ. ನೋಡುಗರಿಗೆ ಇಷ್ಟೂ ತಿಳಿಯುವುದಿಲ್ಲ ಎಂದುಕೊಂಡು ಮಾಡಿದ ಚಿತ್ರವನ್ನು ನಾನು ಅವಮಾನವೆಂದೇ ಎಣಿಸುತ್ತೇನೆ.

ಹಾಗೆಂದು ಪ್ರಶಸ್ತಿ ಬಂದದ್ದೆಲ್ಲ ಒಳ್ಳೆಯದು, ಜನ ಮುಗಿಬಿದ್ದು ನೋಡಿದ್ದೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರ ಜೊತೆ ನನಗೆ ಜಗಳವೇ ಇದೆ. ಬುಧವಾರ ಭಾವನಿಗೆ ಫೋನ್ ಮಾಡಿ, ವಾರಗಳ ಲೆಕ್ಕವೇ ಬೇಕಾದರೆ ‘ಬಂಗಾರದ ಮನುಷ್ಯ’ ನೋಡಿ ಎಂದೆ. 1972ರಲ್ಲಿ ಬಂದ ಆ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದರ ಕೊನೆಯಲ್ಲಿ ಏನಾಗುತ್ತದೆ? ಬಂಜರು ನೆಲವನ್ನು ಹಸಿರು ಮಾಡಿ, ಎಲ್ಲರನ್ನೂ ದಡ ಸೇರಿಸಿದ ರಾಜೀವ ಮನೆ ಬಿಟ್ಟು ನಡೆದುಬಿಡುತ್ತಾನೆ. ಎಲ್ಲಿಗೆ ಎಂದು ಯಾರಿಗೂ ಗೊತ್ತಿಲ್ಲ.

ಭಾವ ಒಂದು ಕ್ಷಣ ಸುಮ್ಮನಿದ್ದು, “ನಮ್ಮ ಅಪ್ಪ ಸಾಯುವವರೆಗೂ ಅದನ್ನೇ ಹೇಳುತ್ತಿದ್ದರು, ಯಾರಾದರೂ ಒಬ್ಬರು ಹಿಂದೆ ಹೋಗಿ ಅವನನ್ನು ಕರೆತರಬೇಕಿತ್ತು ಎಂದು” ಎಂದರು. ಅವರ ತಂದೆ ಹೊಲ ಉಳುತ್ತಿದ್ದವರು. ಆಮೇಲೆ ಭಾವ ಬಹಳ ಹೊತ್ತು ತಂದೆಯ ಬಗ್ಗೆ, ಮಾರಿಹೋದ ಜಮೀನಿನ ಬಗ್ಗೆ ಮಾತನಾಡಿದರು. ಗಳಿಕೆಯ ಸುದ್ದಿಯೇ ಬರಲಿಲ್ಲ.

ಒಂದು ಚಿತ್ರದಲ್ಲಿ ಹಾಡಿದೆ, ಬಣ್ಣವಿದೆ, ರಾಜ್‌ಕುಮಾರ್ ಇದ್ದಾರೆ. ಇನ್ನೊಂದು ಕಪ್ಪುಬಿಳುಪು, ಹಾಡಿಲ್ಲ, ರಾತ್ರಿಯ ದೃಶ್ಯಗಳಲ್ಲಿ ಕತ್ತಲೆಗೆ ಕತ್ತಲೆಯಾಗಿಯೇ ಇರಲು ಬಿಟ್ಟಿದ್ದಾರೆ. ಆದರೆ ಎರಡರಲ್ಲೂ ಪರದೆ ಆರಿದ ಮೇಲೂ ಒಬ್ಬರು ಎಲ್ಲೋ ಬದುಕಿದ್ದಾರೆ, ಅವರಿಗೆ ಹಸಿವಾಗಿದೆ, ನಾವು ಏನಾದರೂ ಮಾಡಬೇಕಿತ್ತು ಎನ್ನುವ ಸಂಕಟ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಗುಣ ಸಿನಿಮಾಕ್ಕೆ ಇನ್ನೊಂದಿದೆ ಎಂದು ನನಗೆ ಅನ್ನಿಸುವುದಿಲ್ಲ.

ನಾವು ನೋಡಿದ್ದು ಮಸುಕು ಮಸುಕಾದ ಪ್ರತಿ. ಕೆಲವು ಕಡೆ ನಾಣಿಯ ಮುಖವೇ ಕಾಣುತ್ತಿರಲಿಲ್ಲ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ ಕಟ್ಟಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ‘ಘಟಶ್ರಾದ್ಧ’ವನ್ನು ಪುನರುಜ್ಜೀವಗೊಳಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದು ದೊಡ್ಡ ಕೆಲಸ. ನಮ್ಮ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ ಎಂಬುದನ್ನು ನೆನೆದರೆ ಅದು ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಆದರೆ ವೆನಿಸ್‌ನವರು ನೋಡಿದ ಆ ಚಿತ್ರ ಸಾಗರಕ್ಕೆ, ತೀರ್ಥಹಳ್ಳಿಗೆ, ಶಿರಸಿಗೆ ದೊಡ್ಡ ಪರದೆಯ ಮೇಲೆ ಬರಬೇಕು. ಶಾಲೆಯ ಮಕ್ಕಳನ್ನು ಕರೆತಂದು ತೋರಿಸಬೇಕು. ಅದೂ ಬೇಗ ಆಗಬೇಕು. ತಲೆ ಬೋಳಿಸಿಕೊಂಡು ಹಿತ್ತಲ ಕೋಣೆಯಲ್ಲಿ ಬಾಳು ಸವೆಸಿದ ಹೆಂಗಸರನ್ನು ಕಣ್ಣಾರೆ ಕಂಡ, ದೊಡ್ಡಮ್ಮನ ವಯಸ್ಸಿನವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಪಕ್ಕದಲ್ಲಿ ಕುಳಿತು ನೋಡಿದರೆ ಮಕ್ಕಳಿಗೆ ಕೇಳುವುದಕ್ಕೆ ಯಾರಾದರೂ ಇರುತ್ತಾರೆ.